ಲೆನ್ಸಿನ ಗುಣವೇ ಲೆನ್ಸಿನ ದೂರು

ತುಮಕೂರಿನ ಕಲ್ಯಾಣ ಮಂಟಪಗಳಲ್ಲಿ ದುಡಿಯುವ ಫೋಟೊಗ್ರಾಫರುಗಳಿಗೆ 50 ಮಿ.ಮೀ. ಎಫ್/1.8 ಲೆನ್ಸಿನ ಮೇಲೆ ಅಕ್ಕರೆಯೂ ಇದೆ, ಸಿಟ್ಟೂ ಇದೆ. ಬೆಲೆ ಕಡಿಮೆ, ತೂಕ ಕಡಿಮೆ, ಮಂದ ಬೆಳಕಿನಲ್ಲೂ ಕೈಬಿಡುವುದಿಲ್ಲ. ಆದರೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ ಮದುಮಗಳ ಮುಖ ಶಾರ್ಪ್, ಮದುಮಗನದು ಸಾಫ್ಟ್. ರೇಷ್ಮೆ ಸೀರೆಯ ಜರಿಯಂಚಿಗೆ ಎಲ್ಲೂ ಇರದ ನೇರಳೆ ಗೆರೆ. ‘ಲೆನ್ಸು ಸರಿಯಿಲ್ಲ’ ಎಂಬ ಮಾತು ಹುಟ್ಟುವುದು ಇಲ್ಲೇ. ಆ ಮಾತು ಬಹುಪಾಲು ತಪ್ಪು. ಮೆಚ್ಚುಗೆಗೂ ದೂರಿಗೂ ಕಾರಣ ಒಂದೇ ಭೌತಶಾಸ್ತ್ರ.

50 ಮಿ.ಮೀ. ಎಂಬುದು ಲೆನ್ಸಿನ ಫೋಕಲ್ ದೂರ, ಅಂದರೆ ದೂರದಿಂದ ಬಂದ ಬೆಳಕನ್ನು ಅದು ಒಂದು ಬಿಂದುವಿಗೆ ತರುವ ದೂರ. ಆ 50ನ್ನು ಎಫ್ ಸಂಖ್ಯೆಯಾದ 1.8ರಿಂದ ಭಾಗಿಸಿದರೆ ಸುಮಾರು 28. ಅಂದರೆ ಬೆಳಕು ಒಳಬರುವ ಕಂಡಿಯ, ಅಂದರೆ ಅಪರ್ಚರಿನ, ವ್ಯಾಸ 28 ಮಿ.ಮೀ. ಕ್ಯಾಮೆರಾ ಜೊತೆಗೇ ಬರುವ 18–55 ಕಿಟ್ ಲೆನ್ಸಿನಲ್ಲಿ, 55ರ ತುದಿಯಲ್ಲಿ ಅಪರ್ಚರ್ ಎಫ್/5.6. ಅಲ್ಲಿ ಕಂಡಿ 10 ಮಿ.ಮೀ. ಕೂಡ ಇಲ್ಲ. ಸೆನ್ಸರಿಗೆ, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್‌ಗೆ, ಬೀಳುವ ಬೆಳಕಿನಲ್ಲಿ ಹೆಚ್ಚು ಕಡಿಮೆ ಹತ್ತು ಪಟ್ಟು ಅಂತರ. ಆದರೆ ಕಂಡಿ ಅಗಲವಾದಷ್ಟೂ ಕಿರಣಗಳು ಹೆಚ್ಚು ಓರೆಯಾಗಿ ಬಂದು ಒಂದು ಬಿಂದುವಿನಲ್ಲಿ ಸೇರಬೇಕು. ಆ ಬಿಂದುವಿನ ಹಿಂದೆ ಮುಂದೆ ಸ್ವಲ್ಪ ಸರಿದರೂ ಚಿತ್ರ ಮಸುಕು. ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ, ಎರಡು ಮೀಟರ್ ದೂರದಿಂದ, ಎಫ್/1.8ರಲ್ಲಿ ಶಾರ್ಪ್ ಆಗಿ ಸಿಗುವ ಆಳ 12 ಸೆಂ.ಮೀ. ಒಳಗೆ. ಧಾರೆಯ ಹೊತ್ತಿಗೆ ಮದುಮಗ ಅರ್ಧ ಹೆಜ್ಜೆ ಹಿಂದೆ ನಿಂತಿದ್ದರೆ ಅವನು ಆ ಪಟ್ಟಿಯ ಹೊರಗಿದ್ದಾನೆ. ಕಂಡಿ ಕಿರಿದು ಮಾಡಿ ಎಫ್/4ಕ್ಕೆ ಇಳಿಸಿದರೆ ಆಳ ಸುಮಾರು 25 ಸೆಂ.ಮೀ. ಆಗುತ್ತದೆ, ಬೆಳಕು ಐದು ಪಟ್ಟು ಕುಗ್ಗುತ್ತದೆ, ಸೆನ್ಸರಿನ ಬೆಳಕಿನ ಸಂವೇದನೆಯ ಅಳತೆಯಾದ ಐಎಸ್ಒ 800 ಇದ್ದದ್ದು 4000ಕ್ಕೆ ಏರಬೇಕಾಗುತ್ತದೆ. ಇದಕ್ಕಿಂತ ಸುಲಭದ ದಾರಿ, ನೀವೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಎರಡೂ ಮುಖಗಳನ್ನು ಕ್ಯಾಮೆರಾದಿಂದ ಒಂದೇ ದೂರಕ್ಕೆ ತಂದುಕೊಳ್ಳುವುದು.

ನೇರಳೆ ಗೆರೆಯೂ ಇದೇ ಅಗಲ ಕಂಡಿಯ ಕೂಸು. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ, ಹಾಗಾಗಿ ಎರಡೂ ಬಣ್ಣ ಒಂದೇ ಜಾಗದಲ್ಲಿ ಫೋಕಸ್ ಆಗುವುದಿಲ್ಲ. ಫೋಕಸಿನ ಮುಂದಿರುವ ಹೊಳಪಿಗೆ ನೇರಳೆ, ಹಿಂದಿರುವ ಹೊಳಪಿಗೆ ಹಸಿರು ಅಂಟುತ್ತದೆ. ಎಲ್‌ಇಡಿ ದೀಪದಡಿ ಮಿಂಚುವ ಜರಿಗಿಂತ ಕಠಿಣ ಪರೀಕ್ಷೆ ಲೆನ್ಸಿಗೆ ಬೇರೆ ಇಲ್ಲ. ಎಫ್/2.8ಕ್ಕೆ ಇಳಿಸಿದರೆ ಬಹಳಷ್ಟು ತಗ್ಗುತ್ತದೆ. ಸಾಫ್ಟ್‌ವೇರಿನಲ್ಲಿ ಅಳಿಸುವಾಗ ಮಾತ್ರ ಎಚ್ಚರ ಬೇಕು. ಸೀರೆಯ ಅಂಚೇ ನೇರಳೆಯಾಗಿದ್ದರೆ ಅದರ ಬಣ್ಣವೂ ಬೂದಿಗೆ ತಿರುಗುತ್ತದೆ. ಇಡೀ ಫೋಟೊ ಬದಲು ಗೆರೆ ಬಿದ್ದ ಜಾಗದಲ್ಲಷ್ಟೇ ಬ್ರಷ್ ಆಡಿಸಿ.

ಗ್ರೂಪ್ ಫೋಟೊದ ದೂರು ಬೇರೆಯದು. 18 ಮಿ.ಮೀ.ನಲ್ಲಿ ತೆಗೆದರೆ ಸಾಲಿನ ಕೊನೆಯಲ್ಲಿ ನಿಂತವರು ದಪ್ಪ ಕಾಣುತ್ತಾರೆ. ಇದು ಲೆನ್ಸಿನ ದೋಷವೇ ಅಲ್ಲ, ಜ್ಯಾಮಿತಿ. ಮಂಟಪದ ಕಂಬ ನೆಟ್ಟಗೆ ಕಾಣಬೇಕೆಂದರೆ ಓರೆಯಾಗಿ ಬರುವ ಕಿರಣಗಳನ್ನು ಸಮತಟ್ಟು ಸೆನ್ಸರಿನ ಮೇಲೆ ಹಿಗ್ಗಿಸಲೇಬೇಕು. ಕ್ರಾಪ್ ಸೆನ್ಸರಿನಲ್ಲಿ 18 ಮಿ.ಮೀ. ಇಟ್ಟಾಗ ಎಡಬಲದ ಅಂಚಿನಲ್ಲಿ ತಲೆಗಳು ಸುಮಾರು 20% ಅಗಲವಾಗುತ್ತವೆ, 35 ಮಿ.ಮೀ.ನಲ್ಲಿ 5% ಆಸುಪಾಸು. ಆರು ಮೀಟರ್ ಉದ್ದದ ಸಾಲು ಫ್ರೇಮಿನಲ್ಲಿ ಹಿಡಿಯಲು 18ರಲ್ಲಿ 4.6 ಮೀಟರ್ ಹಿಂದೆ ಹೋದರೆ ಸಾಕು, 35ರಲ್ಲಿ ಒಂಬತ್ತು ಮೀಟರ್ ಬೇಕು. ಆದ್ದರಿಂದ ಶೂಟಿಗೆ ಮೊದಲು ವೇದಿಕೆ ಎದುರಿನ ನಾಲ್ಕು ಸಾಲು ಕುರ್ಚಿ ತೆಗೆಸಿಕೊಳ್ಳಿ. ಹೊಸ ಲೆನ್ಸಿಗೆ ಸುರಿಯುವ ಹಣಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ.

ಹಾಗಾದರೆ ದೋಷವೇ ಇಲ್ಲದ ಲೆನ್ಸು ಕಟ್ಟಬಾರದೇಕೆ? ಒಂದು ದೋಷ ತಿದ್ದಲು ಮತ್ತೊಂದು ಗಾಜು ಸೇರಿಸಬೇಕು, ಸೇರಿಸಿದ ಗಾಜಿಗೆ ಅದರದೇ ಕಾಟ ಇರುತ್ತದೆ. ಇದರ ಒಳ್ಳೆಯ ಉದಾಹರಣೆ, 1896ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಪಾಲ್ ರುಡಾಲ್ಫ್ ರೂಪಿಸಿದ ಪ್ಲಾನಾರ್ ಲೆನ್ಸು. ಆರು ಗಾಜುಗಳ ಅಪ್ಪಟ ವಿನ್ಯಾಸ. ಇಂದಿನ 50 ಮಿ.ಮೀ. ಲೆನ್ಸುಗಳಲ್ಲಿ ಬಹುಪಾಲು ಇದರ ವಂಶಕ್ಕೇ ಸೇರಿದವು. ಆದರೂ ಆ ಕಾಲದಲ್ಲಿ ಅದನ್ನು ಮೀರಿಸಿ ಗೆದ್ದದ್ದು ಅವನದೇ ನಾಲ್ಕು ಗಾಜಿನ ಟೆಸ್ಸಾರ್, 1902ರದು. ಲೇಪನವಿಲ್ಲದ ಪ್ರತಿ ಗಾಜಿನ ಮೇಲ್ಮೈ ಸುಮಾರು 4% ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಕೆಲವು ಗಾಜುಗಳನ್ನು ಒಂದಕ್ಕೊಂದು ಅಂಟಿಸಿರುವುದರಿಂದ ಗಾಳಿಗೆ ತೆರೆದ ಮೇಲ್ಮೈ ಪ್ಲಾನಾರಿನಲ್ಲಿ ಎಂಟು, ಟೆಸ್ಸಾರಿನಲ್ಲಿ ಆರು. ಕಳೆದುಹೋದ ಬೆಳಕಿನದು ಚಿಕ್ಕ ನಷ್ಟ. ಅದು ಒಳಗೊಳಗೇ ಪುಟಿದು ಚಿತ್ರದ ಮೇಲೆ ಬಿಳಿ ಪೊರೆಯಂತೆ ಹರಡುವುದೇ ದೊಡ್ಡ ನಷ್ಟ. 1935ರಲ್ಲಿ ಜೈಸ್‌ನಲ್ಲೇ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಗ್ಗಿಸುವ ಲೇಪನ ಕಂಡುಹಿಡಿದ ಮೇಲೆಯೇ ಪ್ಲಾನಾರಿನ ಅದೃಷ್ಟ ತಿರುಗಿದ್ದು. ಮೂವತ್ತು ಮೇಲ್ಮೈಗಳ ಇಂದಿನ ಜೂಮ್ ಲೆನ್ಸಿಗೆ ಲೇಪನ ಇಲ್ಲದಿದ್ದರೆ 29% ಬೆಳಕು ಮಾತ್ರ ದಾಟುತ್ತದೆ. ಪ್ರತಿಫಲನ 0.5%ಕ್ಕೆ ಇಳಿದರೆ 86% ದಾಟುತ್ತದೆ.

ನಂದಿಬೆಟ್ಟದ ಸೂರ್ಯೋದಯ ತೆಗೆಯುವವರಿಗೆ ಈ ಲೆಕ್ಕ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಅಗ್ಗದ ಯುವಿ ಫಿಲ್ಟರ್ ಇನ್ನೆರಡು ಮೇಲ್ಮೈ ಸೇರಿಸುತ್ತದೆ. ಸೂರ್ಯನ ನಕಲಿ ಬಿಂಬವೊಂದು ಎದುರು ಮೂಲೆಯಲ್ಲಿ ಮೂಡಿದರೆ ಮೊದಲು ಅದನ್ನು ಬಿಚ್ಚಿ. ಸೂರ್ಯ ಫ್ರೇಮಿನೊಳಗೇ ಇದ್ದಾಗ ಹುಡ್, ಅಂದರೆ ಲೆನ್ಸಿನ ಮುಂದೆ ಸಿಕ್ಕಿಸುವ ನೆರಳಿನ ಮರೆ, ನೆರವಿಗೆ ಬಾರದು. ಇನ್ನು ಸೂರ್ಯನ ಸುತ್ತ ನಕ್ಷತ್ರದ ಕಿರಣ ಬರಲೆಂದು ಅಪರ್ಚರನ್ನು ಎಫ್/22ಕ್ಕೆ ಇಳಿಸುವವರಿದ್ದಾರೆ. ಆ ಕಿರಣಗಳು ಹುಟ್ಟುವುದು ಅಪರ್ಚರಿನ ಅಲಗುಗಳ ಅಂಚಿನಲ್ಲಿ ಬೆಳಕು ವಿವರ್ತನೆಗೊಂಡು, ಅಂದರೆ ಬಾಗಿ ಹರಡಿ. ಏಳು ಅಲಗಿದ್ದರೆ ಹದಿನಾಲ್ಕು ಕಿರಣ, ಎಂಟಿದ್ದರೆ ಎಂಟೇ. ದೂರದ ಬೆಟ್ಟಸಾಲನ್ನು ಮಸುಕು ಮಾಡುವುದೂ ಅದೇ ವಿವರ್ತನೆ. ಎಫ್/8ರಲ್ಲಿ ಒಂದು ಬಿಂದು ಸುಮಾರು 11 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಚುಕ್ಕೆಯಾಗಿ ಬೀಳುತ್ತದೆ, ಎಫ್/22ರಲ್ಲಿ ಸುಮಾರು 30. ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರಿನ ಪಿಕ್ಸೆಲ್ 4 ಮೈಕ್ರಾನ್‌ನಷ್ಟೇ ಇರುತ್ತದೆ. ಎಫ್/11, ಹೆಚ್ಚೆಂದರೆ ಎಫ್/16ರಲ್ಲಿ ನಿಲ್ಲಿಸಿ.

ಚಿಕ್ಕಬಳ್ಳಾಪುರ, ಕೋಲಾರದ ಕ್ವಾರಿ ಮತ್ತು ಕ್ರಷರ್ ಇರುವ ಕಡೆ ಓಡಾಡುವವರಿಗೆ ದೂಳಿನ ಚಿಂತೆ. ಮುಂಭಾಗದ ಗಾಜಿನ ಮೇಲೆ ನಾಲ್ಕು ಕಣ ಕೂತರೆ ಚಿತ್ರದಲ್ಲಿ ಕಾಣುವುದೇ ಇಲ್ಲ, ಅಪಾಯವಿರುವುದು ಒರೆಸುವುದರಲ್ಲಿ. ಗ್ರಾನೈಟ್ ದೂಳಿನಲ್ಲಿ ಸ್ಫಟಿಕ ಶಿಲೆಯ ಕಣಗಳಿರುತ್ತವೆ. ಮೋಸ್ ಮಾಪಕದಲ್ಲಿ ಅದರ ಗಡಸುತನ 7, ಗಾಜಿನದು 6ರ ಒಳಗೆ. ಅಂಗಿಯ ತುದಿಯಿಂದ ಉಜ್ಜಿದರೆ ಲೇಪನಕ್ಕೆ ಉಪ್ಪುಕಾಗದ ತಿಕ್ಕಿದಂತೆ. ಲೆನ್ಸನ್ನು ಕೆಳಮುಖವಾಗಿ ಹಿಡಿದು ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಮೆತ್ತನೆಯ ಬ್ರಷ್. ಜಿಡ್ಡು ಉಳಿದಿದ್ದರೆ ಮಾತ್ರ ದ್ರಾವಣದ ಒಂದು ಹನಿಯನ್ನು ಲೆನ್ಸ್ ಟಿಶ್ಯೂವಿಗೆ ಹಾಕಿ ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಿ. ಹನಿ ನೇರ ಗಾಜಿಗೆ ಬಿದ್ದರೆ ಅಂಚಿನ ಸಂದಿಯಿಂದ ಒಳಗಿಳಿಯುತ್ತದೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗ ತೆಗೆಯುವಾಗ ಚಿತ್ರ ಶಾರ್ಪ್ ಆಗಿಲ್ಲವೆಂದು 150–600 ಮಿ.ಮೀ. ಜೂಮಿಗೆ ಬರುವ ಬೈಗುಳವಂತೂ ಪೂರ್ತಿ ಅನ್ಯಾಯ. ಬಿಸಿಲೇರಿದ ಹುಲ್ಲುಗಾವಲಿನ ಮೇಲೆ ಬಿಸಿ, ತಂಪು ಗಾಳಿಯ ಪದರಗಳು ಕದಡಿ ಬೆಳಕನ್ನೇ ಬಾಗಿಸುತ್ತವೆ. ಎಷ್ಟೇ ದುಬಾರಿ ಲೆನ್ಸು ತಂದರೂ ಇದಕ್ಕೆ ಮದ್ದಿಲ್ಲ. ಬೆಳಗಿನ ಮೊದಲ ಒಂದೆರಡು ಗಂಟೆಯಲ್ಲಿ ತೆಗೆಯಿರಿ, ಬಿಸಿಯಾದ ಬಾನೆಟ್ ಮೇಲಿಂದ ಗುರಿ ಇಡಬೇಡಿ.

ನಿಜವಾಗಿ ಕೆಟ್ಟ ಲೆನ್ಸುಗಳೂ ಇರುತ್ತವೆ. ಒಳಗಿನ ಒಂದು ಗಾಜು ಕೇಂದ್ರದಿಂದ ಕೂದಲೆಳೆಯಷ್ಟು ಸರಿದರೂ ಒಂದು ಬದಿ ಮಸುಕಾಗುತ್ತದೆ. ಪರೀಕ್ಷೆ ಸುಲಭ. ಸಮತಟ್ಟು ಗೋಡೆಯ ನಾಲ್ಕು ಮೂಲೆ ಮತ್ತು ನಡುವೆ ದಿನಪತ್ರಿಕೆಯ ಹಾಳೆ ಅಂಟಿಸಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಗೋಡೆಗೆ ಸಮಾಂತರವಾಗಿರಲಿ. ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಶನ್ ಆಫ್, ಐಎಸ್ಒ 100, ಎರಡು ಸೆಕೆಂಡ್ ಟೈಮರ್. ನಡುವಿನ ಹಾಳೆಗೆ ಫೋಕಸ್ ಮಾಡಿ ಅಪರ್ಚರ್ ಪೂರ್ತಿ ತೆರೆದು ಒಂದು, ಎಫ್/8ರಲ್ಲಿ ಒಂದು ಫೋಟೊ ತೆಗೆಯಿರಿ. ನಂತರ ಕ್ಯಾಮೆರಾವನ್ನು ತಲೆಕೆಳಗಾಗಿಸಿ ಅದನ್ನೇ ಮತ್ತೆ ಮಾಡಿ. ನಾಲ್ಕೂ ಮೂಲೆ ಸಮನಾಗಿ ಮಸುಕಾಗಿದ್ದರೆ ಅದು ವಿನ್ಯಾಸದ ಮಿತಿ, ಎಫ್/8ರಲ್ಲಿ ಸುಧಾರಿಸುತ್ತದೆ. ಮಸುಕು ಗೋಡೆಯ ಅದೇ ಬದಿಯಲ್ಲಿ ಉಳಿದರೆ ಕ್ಯಾಮೆರಾ ಸಮಾಂತರವಾಗಿರಲಿಲ್ಲ. ಕ್ಯಾಮೆರಾದ ಜೊತೆ ತಿರುಗಿ ಎದುರು ಬದಿಗೆ ಹೋದರೆ ಬಿಲ್ಲು ಹಿಡಿದು, ವಾರಂಟಿ ಮುಗಿಯುವ ಮೊದಲೇ, ಲೆನ್ಸನ್ನು ಸರ್ವೀಸ್ ಸೆಂಟರಿಗೆ ಒಯ್ಯಿರಿ. ಈ ನಾಲ್ಕು ಫೋಟೊಗಳೂ ಜೊತೆಗಿರಲಿ.