ಎಕ್ಸೆಲ್ ಪಟ್ಟಿಯನ್ನು ಹಾಗೆಯೇ ಡೇಟಾಬೇಸ್‌ಗೆ ಸೇರಿಸಬಹುದೇ?

ಪ್ರಶ್ನೆ: ನಮ್ಮದು ನೂರು ವರ್ಷ ದಾಟಿದ ಸಹಕಾರ ಸಂಘ. ಹಳೆಯ ಠರಾವು ಪುಸ್ತಕ, ಕೀರ್ದಿ, ಖಾತಾವಹಿ, ಪತ್ರಗಳ ಕಟ್ಟುಗಳನ್ನೆಲ್ಲ ನಮ್ಮ ಹುಡುಗರು ಎರಡು ವರ್ಷ ಕುಳಿತು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದ್ದಾರೆ. ಸುಮಾರು 1,800 ಸಾಲುಗಳಿವೆ. ಈಗ ಆಟಮ್ ತಂತ್ರಾಂಶದಲ್ಲಿ ಇವೆಲ್ಲ ಬರಬೇಕು. ಒಂದೊಂದನ್ನೂ ಮತ್ತೆ ಟೈಪ್ ಮಾಡಬೇಕೇ, ಪಟ್ಟಿಯನ್ನೇ ಒಮ್ಮೆಗೆ ಸೇರಿಸಬಹುದೇ?

ಉತ್ತರ: ಮತ್ತೆ ಟೈಪ್ ಮಾಡುವ ಗೋಜಿಗೆ ಹೋಗಬೇಡಿ. ಪತ್ರಾಗಾರಗಳಿಗೆಂದೇ ಮಾಡಿದ ಆಟಮ್ ಸಿಎಸ್‌ವಿ ಕಡತವನ್ನು, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಕಡತವನ್ನು, ಒಪ್ಪಿಕೊಳ್ಳುತ್ತದೆ. ಎಕ್ಸೆಲ್ ಪಟ್ಟಿಯನ್ನು ಸಿಎಸ್‌ವಿ ಮಾಡಿ ಕೊಟ್ಟರೆ ಸಾವಿರಾರು ಸಾಲುಗಳನ್ನು ತಾನೇ ಓದಿಕೊಳ್ಳುತ್ತದೆ. ಆದರೆ ‘ಹಾಗೆಯೇ’ ಸೇರಿಸಲು ಆಗುವುದಿಲ್ಲ. ನಿಮ್ಮ ಹುಡುಗರು ಮಾಡಿರುವುದು ಪಟ್ಟಿ, ಪತ್ರಾಗಾರದ ತಂತ್ರಾಂಶ ಕೇಳುವುದು ವಂಶವೃಕ್ಷ. ಮೊದಲನೆಯದನ್ನು ಎರಡನೆಯದಾಗಿ ಮಾಡುವಲ್ಲಿಯೇ ಮುಕ್ಕಾಲು ಪಾಲು ಕೆಲಸವಿದೆ, ಅದನ್ನು ಯಾವ ಬಟನ್ನೂ ಮಾಡಿಕೊಡುವುದಿಲ್ಲ.

ಸಂಘದ ದಾಖಲೆಗಳೆಲ್ಲ ಸೇರಿ ಒಂದು ಸಂಗ್ರಹ. ಅದರೊಳಗೆ ಠರಾವು ಪುಸ್ತಕಗಳದು ಒಂದು ಸರಣಿ, ಸಾಲದ ಅರ್ಜಿಗಳದು ಇನ್ನೊಂದು, ಜಿಲ್ಲಾ ಬ್ಯಾಂಕಿನ ಪತ್ರವ್ಯವಹಾರದ್ದು ಮತ್ತೊಂದು. ಸರಣಿಯೊಳಗೆ ಕಡತ, ಕಡತದೊಳಗೆ ಬಿಡಿ ಪತ್ರ. ನಿಮ್ಮ ಎಕ್ಸೆಲ್ ಹಾಳೆಯಲ್ಲಿ 1,800 ಸಾಲುಗಳೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಇಡೀ ಕಟ್ಟನ್ನು ಹೇಳುವ ಸಾಲು ಯಾವುದು, ಒಂದೇ ಒಂದು ಚೀಟಿಯನ್ನು ಹೇಳುವ ಸಾಲು ಯಾವುದು ಎಂಬುದು ಬರೆದವರಿಗಷ್ಟೇ ಗೊತ್ತು.

ಆಟಮ್ ಇದಕ್ಕೆ ಎರಡು ಕಾಲಂಗಳನ್ನು ಇಟ್ಟಿದೆ. ಲೆಗಸಿಐಡಿ ಎಂಬಲ್ಲಿ ಪ್ರತಿ ಸಾಲಿಗೂ ಅದರದೇ ಒಂದು ಸಂಖ್ಯೆ, ಪೇರೆಂಟ್‌ಐಡಿ ಎಂಬಲ್ಲಿ ಆ ಸಾಲಿನ ತಾಯಿಯ ಸಂಖ್ಯೆ. ‘ಸಂಘದ ದಾಖಲೆಗಳು’ ಎಂಬ ಸಾಲಿನ ಸಂಖ್ಯೆ 1 ಎಂದುಕೊಳ್ಳಿ; ಅದಕ್ಕೆ ತಾಯಿ ಇಲ್ಲ, ಖಾಲಿ ಬಿಡಿ. ‘ಸಾಲದ ಅರ್ಜಿಗಳು’ ಎಂಬ ಸರಣಿಯ ಸಂಖ್ಯೆ 2, ತಾಯಿ 1. ‘ಬಾವಿ ತೋಡಿಸಲು ಕೇಳಿದ ಸಾಲದ ಅರ್ಜಿಗಳು, 1931–34’ ಎಂಬ ಕಡತದ ಸಂಖ್ಯೆ 3, ತಾಯಿ 2. ತಾಯಿಯ ಸಾಲು ಮೇಲೆ, ಮಕ್ಕಳ ಸಾಲು ಕೆಳಗೆ ಇರಬೇಕು. ಮೂರನೆಯ ಸಾಲು ಎರಡನೆಯದಕ್ಕಿಂತ ಮೇಲೆ ಬಂದರೆ, ತಾಯಿ ಸಿಗದ ಆ ಕಡತ ಸಂಗ್ರಹದ ಹೊರಗೆ ಅನಾಥವಾಗಿ ನಿಲ್ಲುತ್ತದೆ. ಯಾರೋ ಶೀರ್ಷಿಕೆಯನ್ನು ಅಕಾರಾದಿಯಾಗಿ ಜೋಡಿಸಿ ಉಳಿಸಿದರೆಂದರೆ ಮುಗಿಯಿತು. ಇಂಥ ಅನಾಥರ ಸಾಲೇ ನಿಲ್ಲುತ್ತದೆ. ಇನ್ನೊಂದು ಜನಪ್ರಿಯ ತಂತ್ರಾಂಶವಾದ ಆರ್ಕೈವ್ಸ್‌ಸ್ಪೇಸ್ ತಾಯಿಯ ಸಂಖ್ಯೆಯ ಬದಲು ಮಟ್ಟವನ್ನು 1, 2, 3 ಎಂದು ಕೇಳುತ್ತದೆ. ಅಲ್ಲಿಯೂ ಸಾಲುಗಳ ಕ್ರಮ ತಪ್ಪಿದರೆ ಗತಿ ಇದೇ.

ವೃಕ್ಷ ಸಿದ್ಧವಾದ ಮೇಲೆ ಹಾಳೆಯಲ್ಲಿ ಅಳಿಸಬೇಕಾದದ್ದು ಬಹಳ ಇರುತ್ತದೆ. ಸಂಘ ಸ್ಥಾಪನೆಯಾದ ವರ್ಷ, ಮೊದಲ ಅಧ್ಯಕ್ಷರ ಹೆಸರು, ಊರಿನ ಪರಿಚಯ ಇವನ್ನೆಲ್ಲ ಶ್ರದ್ಧೆಯಿಂದ ಪ್ರತಿ ಸಾಲಿನಲ್ಲೂ ನಕಲು ಮಾಡಿರುವ ಪಟ್ಟಿಗಳನ್ನು ನಾನು ನೋಡಿದ್ದೇನೆ. ದಾಖಲೆಗಳನ್ನು ಹೇಗೆ ವಿವರಿಸಬೇಕೆಂದು ಹೇಳುವ, ಅಂತರರಾಷ್ಟ್ರೀಯ ಪತ್ರಾಗಾರ ಪರಿಷತ್ತಿನ ಇಸಾಡ್-ಜಿ ಮಾನದಂಡದ ಎರಡನೆಯ ಆವೃತ್ತಿ 2000ದಲ್ಲಿ ಪ್ರಕಟವಾಯಿತು. ಮೇಲಿನ ಮಟ್ಟದಲ್ಲಿ ಹೇಳಿದ್ದನ್ನು ಕೆಳಗಿನ ಮಟ್ಟದಲ್ಲಿ ಮತ್ತೆ ಹೇಳಬಾರದು ಎಂಬುದು ಅದರ ಮೂಲ ನಿಯಮಗಳಲ್ಲಿ ಒಂದು. ವಿವರಣೆಗೆ ಅದು 26 ಅಂಶಗಳನ್ನು ಪಟ್ಟಿ ಮಾಡುತ್ತದೆ, ಅಗತ್ಯವೆನ್ನುವುದು ಆರನ್ನು ಮಾತ್ರ: ಉಲ್ಲೇಖ ಸಂಖ್ಯೆ, ಶೀರ್ಷಿಕೆ, ದಾಖಲೆ ಸೃಷ್ಟಿಸಿದವರು, ದಿನಾಂಕ, ಪ್ರಮಾಣ, ಮಟ್ಟ. ಉಳಿದ ಇಪ್ಪತ್ತನ್ನು ತುಂಬಲು ಹೋಗಿ ಯೋಜನೆಯನ್ನೇ ಅರ್ಧಕ್ಕೆ ಬಿಟ್ಟವರಿದ್ದಾರೆ. ಆರು ಕಾಲಂ ಸರಿಯಾಗಿ ತುಂಬಿದರೆ ಸದ್ಯಕ್ಕೆ ಸಾಕು.

ಈ ಆರರಲ್ಲಿ ಹೆಚ್ಚು ಕಾಡುವುದು ಸಂಖ್ಯೆ ಮತ್ತು ದಿನಾಂಕ. ಎಕ್ಸೆಲ್‌ಗೆ ಒಂದು ದುರಭ್ಯಾಸವಿದೆ: ದಿನಾಂಕದ ಹಾಗೆ ಕಂಡದ್ದನ್ನೆಲ್ಲ ದಿನಾಂಕ ಮಾಡಿಬಿಡುತ್ತದೆ. ಮೂರನೆಯ ಪೆಟ್ಟಿಗೆಯ ಹನ್ನೆರಡನೆಯ ಕಡತಕ್ಕೆ 3-12 ಎಂದು ಬರೆದರೆ ಅದು ಡಿಸೆಂಬರ್ 3 ಆಗುತ್ತದೆ. 3-45 ಎಂದು ಬರೆದರೆ ಯಾವುದೋ ವರ್ಷದ ಮಾರ್ಚ್ ತಿಂಗಳಾಗುತ್ತದೆ. 14-45 ಮಾತ್ರ ಹೇಗೂ ದಿನಾಂಕ ಆಗಲಾರದೆ ಇದ್ದ ಹಾಗೆ ಉಳಿಯುತ್ತದೆ. 0045 ಎಂಬ ಸಂಖ್ಯೆ ಸೊನ್ನೆಗಳನ್ನು ಕಳೆದುಕೊಂಡು 45 ಆಗುತ್ತದೆ. ಈ ಕಾಟ ತಾಳಲಾರದೆ ವಿಜ್ಞಾನಿಗಳು ಮಾರ್ಚ್1, ಸೆಪ್ಟ್1 ಎಂಬಂಥ ಮಾನವ ವಂಶವಾಹಿಗಳ ಹೆಸರುಗಳನ್ನೇ ಬದಲಾಯಿಸಿದರು. 2020ರ ನಾಮಕರಣ ಮಾರ್ಗಸೂಚಿಯಲ್ಲಿ ಅದು ದಾಖಲಾಗಿದೆ. ಆದ್ದರಿಂದ ಒಂದಕ್ಷರ ತುಂಬುವ ಮೊದಲೇ ಎಲ್ಲ ಕಾಲಂಗಳನ್ನೂ ‘ಟೆಕ್ಸ್ಟ್’ ಎಂದು ಗುರುತಿಸಿ. ಕೆಟ್ಟ ಮೇಲೆ ಗುರುತಿಸಿದರೆ 3-12 ಮರಳಿ ಬರುವುದಿಲ್ಲ, ಅದರ ಜಾಗದಲ್ಲಿ ಐದಂಕಿಯ ಒಂದು ಸಂಖ್ಯೆ ಕಾಣಿಸಿಕೊಳ್ಳುತ್ತದೆ.

ನಿಜವಾದ ದಿನಾಂಕಗಳ ತೊಡಕು ಬೇರೆಯದು. ಎಕ್ಸೆಲ್‌ನ ಕಾಲ ಶುರುವಾಗುವುದೇ 1900ರಿಂದ. ಅದಕ್ಕೂ ಹಿಂದಿನದು ಅದರ ಪಾಲಿಗೆ ಬರೀ ಅಕ್ಷರ. ಇನ್ನು ನಮ್ಮ ಕಡತಗಳಲ್ಲಿ ‘ವಿಶ್ವಾವಸು ಸಂವತ್ಸರ, ವೈಶಾಖ ಶುದ್ಧ’ ಎಂದಿರುತ್ತದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಆ ವಿಶ್ವಾವಸು 1845–46, 1905–06, 1965–66 ಮೂರರಲ್ಲಿ ಯಾವುದೂ ಆಗಿರಬಹುದು. ಕರ್ನಾಟಕದ ಮೊದಲ ಸಹಕಾರ ಸಂಘ ಗದಗ ಬಳಿಯ ಕಣಗಿನಹಾಳದಲ್ಲಿ ಹುಟ್ಟಿದ್ದೇ 1905ರಲ್ಲಿ, ಹಾಗಾಗಿ ನಿಮ್ಮ ಸಂಘದ ಕಾಗದ 1845ರದ್ದು ಆಗಿರಲಾರದು. ಉಳಿದ ಎರಡರಲ್ಲಿ ಯಾವುದೆಂದು ಕಾಗದವೇ ಹೇಳಬೇಕು. ಬಳ್ಳಾರಿ ಕಡೆಯ ಹಳೆಯ ಕಂದಾಯ ಕಾಗದಗಳಲ್ಲಿ ಫಸಲಿ ವರ್ಷ ಸಿಗುತ್ತದೆ. ಅದಕ್ಕೆ 590 ಕೂಡಿಸಿ: ಫಸಲಿ 1315 ಎಂದರೆ 1905ರ ಜುಲೈಯಿಂದ 1906ರ ಜೂನ್‌ವರೆಗೆ. ಆಟಮ್‌ನಲ್ಲಿ ಇದಕ್ಕೊಂದು ಒಳ್ಳೆಯ ಏರ್ಪಾಡಿದೆ. ಓದುಗರ ಕಣ್ಣಿಗೆ ಕಾಣುವ ದಿನಾಂಕಕ್ಕೆ ಒಂದು ಕಾಲಂ, ಹುಡುಕಾಟಕ್ಕೆ ಬೇಕಾದ ಆರಂಭ ಮತ್ತು ಅಂತ್ಯಕ್ಕೆ ಬೇರೆ ಎರಡು ಕಾಲಂ. ಮೊದಲನೆಯದರಲ್ಲಿ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಉಳಿದೆರಡರಲ್ಲಿ 1905, 1906 ಎಂದು ಹಾಕಿ. ಮೂಲದ ಸಂವತ್ಸರವನ್ನು ಅಳಿಸಿ ಇಸವಿಯನ್ನಷ್ಟೇ ಉಳಿಸುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಲೆಕ್ಕ ತಪ್ಪಿದ್ದರೆ ತಿದ್ದುವವರಿಗೆ ಆಧಾರವೇ ಉಳಿಯುವುದಿಲ್ಲ.

ಹೆಸರುಗಳಲ್ಲಿಯೂ ಎಚ್ಚರ ಬೇಕು. ದಾಖಲೆ ಸೃಷ್ಟಿಸಿದವರ ಕಾಲಂನಲ್ಲಿ ಬರೆದ ಹೆಸರು ಈಗಾಗಲೇ ಇರುವ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಆಟಮ್ ಹೊಸ ವ್ಯಕ್ತಿಯನ್ನೇ ಸೃಷ್ಟಿಸುತ್ತದೆ. ‘ಎಂ. ವಿಶ್ವೇಶ್ವರಯ್ಯ’, ‘ಸರ್ ಎಂ. ವಿಶ್ವೇಶ್ವರಯ್ಯ’, ಚುಕ್ಕೆಯಿಲ್ಲದ ‘ಎಂ ವಿಶ್ವೇಶ್ವರಯ್ಯ’ ಅದರ ಲೆಕ್ಕದಲ್ಲಿ ಮೂವರು. ಮಟ್ಟದ ಕಾಲಂನಲ್ಲಿ ಒಬ್ಬರು ‘ಕಡತ’ ಎಂದೂ ಇನ್ನೊಬ್ಬರು ‘ಫೈಲ್’ ಎಂದೂ ಬರೆದರೆ ಅವೂ ಎರಡು ಮಟ್ಟಗಳಾಗುತ್ತವೆ. ಸೇರಿಸುವ ಮೊದಲು ಎಕ್ಸೆಲ್‌ನಲ್ಲಿ ಆ ಕಾಲಂಗೆ ಫಿಲ್ಟರ್ ಹಾಕಿ ನೋಡಿದರೆ ಇಂಥ ಜೋಡಿಗಳು ಒಂದೇ ಪಟ್ಟಿಯಲ್ಲಿ ಸಿಗುತ್ತವೆ.

ಕಣ್ಣಿಗೂ ಕಾಣದ ಜೋಡಿಗಳಿವೆ. ‘ಸಂಘ’ ಮತ್ತು ‘ಸ೦ಘ’ ಎರಡನ್ನೂ ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ. ಅವಸರದಲ್ಲಿ ಯಾರೋ ಸೊನ್ನೆ ಒತ್ತಿರುತ್ತಾರೆ, ಹುಡುಕಿದಾಗ ಆ ದಾಖಲೆ ಸಿಗುವುದೇ ಇಲ್ಲ. ಕನ್ನಡದ ಸೊನ್ನೆಯನ್ನು ಅನುಸ್ವಾರ ಮಾಡುವ ಹುಡುಕು-ಬದಲಿಸು ಕೆಲಸ ಒಂದು ನಿಮಿಷದ್ದು, ಆದರೆ ನೀವು ಅಂಕಿಗಳನ್ನೂ ಕನ್ನಡದಲ್ಲಿ ಬರೆದಿದ್ದರೆ ಒಂದೊಂದನ್ನೂ ನೋಡಿಯೇ ಬದಲಿಸಬೇಕು.

ಪಟ್ಟಿಯನ್ನು ಟೈಪ್ ಮಾಡಿದ್ದು ಯುನಿಕೋಡ್‌ನಲ್ಲೋ, ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲೋ ಎಂಬುದನ್ನೂ ನೋಡಿಕೊಳ್ಳಿ. ಪರೀಕ್ಷೆ ಸುಲಭ: ಒಂದು ಸೆಲ್‌ನ ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಉಳಿದರೆ ಯುನಿಕೋಡ್. ಕೊಂಬು-ಬಾಲಗಳಿರುವ ರೋಮನ್ ಅಕ್ಷರಗಳು ಬಂದರೆ ಹಳೆಯ ಫಾಂಟು, ಪರಿವರ್ತಕದಿಂದ ಯುನಿಕೋಡ್‌ಗೆ ತಂದ ಮೇಲೆಯೇ ಮುಂದಿನ ಮಾತು. ಒತ್ತಕ್ಷರಗಳನ್ನು ಪರಿವರ್ತನೆಯ ನಂತರ ಕಣ್ಣಿನಿಂದಲೇ ಪರಿಶೀಲಿಸಬೇಕು.

ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಿ. ಬರೀ ‘ಸಿಎಸ್‌ವಿ’ ಎಂದು ಉಳಿಸಿದರೆ ‘ಧಾರವಾಡ’ ಎಂಬುದು ಆರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕುಳಿತಿರುತ್ತದೆ: ??????. ಅವುಗಳಿಂದ ಧಾರವಾಡವನ್ನು ಮರಳಿ ಪಡೆಯುವ ದಾರಿಯಿಲ್ಲ. ನನ್ನ ಅನುಭವದಲ್ಲಿ ಕೊನೆಯ ಹಂತದ ಕೆಲಸಕ್ಕೆ ಎಕ್ಸೆಲ್‌ಗಿಂತ ಲಿಬ್ರೆಆಫೀಸ್ ಕ್ಯಾಲ್ಕ್ ವಾಸಿ. ತೆರೆಯುವಾಗಲೇ ಯಾವ ಅಕ್ಷರಸಂಕೇತ ಎಂದು ಕೇಳುತ್ತದೆ, ದಿನಾಂಕದ ಚಪಲವನ್ನೂ ಅಲ್ಲಿಯೇ ಹತ್ತಿಕ್ಕಬಹುದು.

1,800 ಸಾಲುಗಳನ್ನೂ ಮೊದಲ ದಿನವೇ ಸೇರಿಸಬೇಡಿ. ಒಂದು ಸಂಗ್ರಹ, ಒಂದು ಸರಣಿ, ಎಂಟು ಕಡತ ಇರುವ ಹತ್ತು ಸಾಲಿನ ಹಾಳೆ ಮಾಡಿ ಅದನ್ನು ಸೇರಿಸಿ ನೋಡಿ. ಕಾಲಂ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಆ ಕಾಲಂ ಒಳಗೆ ಬಂದೇ ಇರುವುದಿಲ್ಲ. ಹತ್ತು ಸಾಲಿನಲ್ಲಿ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಸರಿಯಿಲ್ಲವೆಂದರೆ ಮೇಲಿನ ಸಂಗ್ರಹವೊಂದನ್ನು ಅಳಿಸಿದರೆ ಅದರಡಿಯ ಮಕ್ಕಳೆಲ್ಲ ಅಳಿಯುತ್ತವೆ. ಆದರೆ ಮೇಲೆ ಹೇಳಿದ ಅನಾಥರು ಅಳಿಯುವುದಿಲ್ಲ, ಅವರನ್ನು ಹುಡುಕಿ ಹುಡುಕಿ ತೆಗೆಯಬೇಕು.

ಎಲ್ಲ ಸೇರಿದ ಮೇಲೆ ಎಕ್ಸೆಲ್ ಹಾಳೆಯನ್ನು ಬೇರೆ ಕಡೆ ನಕಲು ಮಾಡಿಟ್ಟು, ಅಲ್ಲಿಂದಾಚೆ ತಿದ್ದುಪಡಿಯನ್ನೆಲ್ಲ ಡೇಟಾಬೇಸ್‌ನಲ್ಲಿಯೇ ಮಾಡಿ. ಅರ್ಧ ತಿದ್ದುಪಡಿ ಇಲ್ಲಿ, ಅರ್ಧ ಅಲ್ಲಿ ಎಂದಾದರೆ ಆರು ತಿಂಗಳಲ್ಲಿ ಯಾವುದು ಸರಿ ಎಂದು ಹೇಳುವವರೇ ಇರುವುದಿಲ್ಲ. ಕಪಾಟಿನಲ್ಲಿರುವ ಕಡತಗಳ ಹೊದಿಕೆಯ ಮೇಲೂ ಅವೇ ಉಲ್ಲೇಖ ಸಂಖ್ಯೆಗಳನ್ನು ಬರೆಯಿರಿ, ಪೆನ್ಸಿಲಿನಲ್ಲಿ.