ಭೂಸ್ವಾಧೀನ ಪರಿಹಾರ: ತಕರಾರಿನ ದಿನ ಎಣಿಸುವುದು ಯಾವಾಗಿನಿಂದ?

ಬೀದರ್ ಜಿಲ್ಲೆಯ ಕಾರಂಜಾ ಜಲಾಶಯಕ್ಕೆ ಹೊಲ ಬಿಟ್ಟುಕೊಟ್ಟವರ ಅಳಲು ಹಳೆಯದು. ಮುಳುಗಿಸಿದ ನೀರು ಒಂದೇ. ಆದರೆ ಕೋರ್ಟಿಗೆ ಹೋದವರಿಗೆ ಹೆಚ್ಚಿನ ದರ ಸಿಕ್ಕಿತು, ಹೋಗದವರಿಗೆ ಅಧಿಕಾರಿ ಬರೆದ ದರವೇ ಗತಿಯಾಯಿತು. ‘ನೀವೂ ಹೋಗಬೇಕಿತ್ತು’ ಎನ್ನುವುದು ಸುಲಭ. ಹೋಗಲು ಎಷ್ಟು ದಿನವಿತ್ತು, ಆ ದಿನಗಳನ್ನು ಎಲ್ಲಿಂದ ಎಣಿಸಬೇಕಿತ್ತು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ.

ನಿಜಾಮರ ಕಾಲದಲ್ಲಿ ಈ ಭಾಗಕ್ಕೆ 1309 ಫಸಲಿಯ (ನಿಜಾಮರ ಕಂದಾಯ ವರ್ಷದ ಎಣಿಕೆ) ಹೈದರಾಬಾದ್ ಭೂಸ್ವಾಧೀನ ಕಾಯ್ದೆ ಇತ್ತು, ಬ್ರಿಟಿಷರ ಸೀಮೆಗೆ 1894ರದ್ದು. ಏಕೀಕರಣದ ಬಳಿಕ, 1961ರಲ್ಲಿ, 1894ರ ಕಾಯ್ದೆ ಇಡೀ ರಾಜ್ಯಕ್ಕೆ ಅನ್ವಯವಾಯಿತು. ಜೊತೆಗೆ, ಪರಿಹಾರ ಒಪ್ಪದವರು ತಕರಾರು ಅರ್ಜಿ ಕೊಡುವ ಅದರ 18ನೇ ಕಲಮನ್ನು ರಾಜ್ಯ ತನ್ನದೇ ರೀತಿಯಲ್ಲಿ ತಿದ್ದಿಕೊಂಡಿತು. ಮೂಲ ಕಾಯ್ದೆಯ ಪ್ರಕಾರ ಐತೀರ್ಪಿನ (ಅಧಿಕಾರಿ ಪರಿಹಾರ ನಿಗದಿ ಮಾಡುವ ಆದೇಶದ) ದಿನ ಹಾಜರಿದ್ದವರಿಗೆ ಆರು ವಾರ. ಇಲ್ಲದವರಿಗೆ ನೋಟಿಸ್ ತಲುಪಿದ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. ಕರ್ನಾಟಕದಲ್ಲಿ ಇಷ್ಟು ತೊಡಕಿರಲಿಲ್ಲ: ಐತೀರ್ಪು ಆಗಿದೆ ಎಂದು ತಿಳಿಸುವ 12(2)ನೇ ಕಲಮಿನ ನೋಟಿಸ್ ಜಾರಿಯಾದ ದಿನದಿಂದ 90 ದಿನ.

ಸಮಸ್ಯೆ ಇರುವುದು ಆ ‘ಜಾರಿ’ಯಲ್ಲೇ. ನೋಟಿಸ್ ಹೊರಡುವುದು ಪಹಣಿಯಲ್ಲಿರುವ ಹೆಸರಿಗೆ. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿರುತ್ತದೆ, ಫೌತಿ ಖಾತೆ ಆಗಿರುವುದಿಲ್ಲ. ಮಕ್ಕಳು ಗುಳೆ ಹೋಗಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಇಟ್ಟಿಗೆ ಹೊರುತ್ತಿರುತ್ತಾರೆ. ಬೀಗ ಹಾಕಿದ ಮನೆಯ ಬಾಗಿಲಿಗೆ ಕಾಗದ ಅಂಟಿಸಿ, ಇಬ್ಬರು ಪಂಚರ ಸಹಿ ತೆಗೆದುಕೊಂಡರೆ ಕಡತದಲ್ಲಿ ಜಾರಿಯಾದಂತೆಯೇ. ಕೈಗೆ ಬಂದ ಕಾಗದದಲ್ಲೂ ಸರ್ವೆ ನಂಬರ್, ಎಕರೆ-ಗುಂಟೆ, ಖುಷ್ಕಿಯೋ ತರಿಯೋ, ಕೊನೆಗೆ ಒಟ್ಟು ಮೊತ್ತ. ಆ ದರಕ್ಕೆ ಹೇಗೆ ಬಂದರು ಎಂಬುದು ಬಹಳ ಸಲ ಇರುವುದಿಲ್ಲ. ಚೆಕ್ ತೆಗೆದುಕೊಳ್ಳುವಾಗ ‘ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆಯದೆ ಹೆಬ್ಬೆಟ್ಟು ಒತ್ತಿದರೆ 1894ರ ಕಾಯ್ದೆಯ 31ನೇ ಕಲಮಿನ ಪ್ರಕಾರ ತಕರಾರಿನ ಹಕ್ಕೇ ಹೋಗುತ್ತಿತ್ತು. ಆ ಒಂದು ಸಾಲು ಬರೆಯಬೇಕೆಂದು ಆ ಹೊತ್ತಿಗೆ ಹೇಳುವವರು ಯಾರು?

ನ್ಯಾಯಾಲಯಗಳು ಇದನ್ನು ಕಾಣದೆ ಇರಲಿಲ್ಲ. ಐತೀರ್ಪು ಕಚೇರಿಯಲ್ಲಿ ಸಹಿಯಾದ ದಿನವಲ್ಲ, ರೈತನಿಗೆ ಅದು ತಿಳಿದ ದಿನವೇ ಲೆಕ್ಕಕ್ಕೆ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿತ್ತು.

ಕರ್ನಾಟಕದ ತಿದ್ದುಪಡಿ ಅಧಿಕಾರಿಗೂ ಗಡುವು ಹಾಕಿತ್ತು. ಅರ್ಜಿ ಬಂದ 90 ದಿನದೊಳಗೆ ಜಿಲ್ಲಾಧಿಕಾರಿ ಅದನ್ನು ಸಿವಿಲ್ ಕೋರ್ಟಿಗೆ ಒಪ್ಪಿಸಬೇಕಿತ್ತು. ಒಪ್ಪಿಸದಿದ್ದರೆ ರೈತನೇ ಕೋರ್ಟಿಗೆ ಹೋಗಿ ನಿರ್ದೇಶನ ಕೇಳಬಹುದಿತ್ತು. ಕೇಳಲು ಎಷ್ಟು ಕಾಲ? ಆ 90 ದಿನ ಮುಗಿದ ಮೇಲೆ ಮೂರು ವರ್ಷ ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಅಂದರೆ ಅರ್ಜಿ ಕೊಟ್ಟು, ಕಚೇರಿಯ ಮೇಲೆ ನಂಬಿಕೆಯಿಟ್ಟು ಕೂತವನ ಹಕ್ಕು ಕೂತಲ್ಲೇ ಕರಗಿಹೋಗುತ್ತಿತ್ತು. ಗಡುವು ಮೀರಿದ್ದು ಕಡತ, ದಂಡ ತೆತ್ತದ್ದು ಅರ್ಜಿದಾರ.

1984ರಲ್ಲಿ ಕೇಂದ್ರ 28ಎ ಕಲಮು ಸೇರಿಸಿತು. ಅದೇ ಅಧಿಸೂಚನೆಯಡಿ ಹೊಲ ಕಳೆದುಕೊಂಡ ಒಬ್ಬರಿಗೆ ಕೋರ್ಟ್ ಹೆಚ್ಚಿನ ದರ ಕೊಟ್ಟರೆ, ಸುಮ್ಮನಿದ್ದ ಉಳಿದವರೂ ಮೂರು ತಿಂಗಳೊಳಗೆ ಅದೇ ದರ ಕೇಳಬಹುದು. ಬಡವನಿಗೆಂದೇ ಮಾಡಿದ ದಾರಿ. 18ನೇ ಕಲಮಿನ ಅರ್ಜಿ ತಡವಾಯಿತೆಂದು ತಿರಸ್ಕೃತವಾಗಿದ್ದರೂ 28ಎ ಬಾಗಿಲು ಮುಚ್ಚದು ಎಂದು 2002ರಲ್ಲಿ ಸಾಂವಿಧಾನಿಕ ಪೀಠ ಹೇಳಿತು. ಮರುವರ್ಷವೇ ಇನ್ನೊಂದು ತೀರ್ಪು ಬಂತು: ಈ ಮೂರು ತಿಂಗಳು ನೆರೆಯವನ ಪ್ರಕರಣದ ತೀರ್ಪಿನ ದಿನದಿಂದಲೇ, ನಿಮಗೆ ತಿಳಿದ ದಿನದಿಂದಲ್ಲ. ತೀರ್ಪಿನ ನಕಲು ಪಡೆಯಲು ಹಿಡಿದ ಸಮಯ ಮಾತ್ರ ಕಳೆಯಬಹುದು. ಪಕ್ಕದ ಹೊಲದವ ಗೆದ್ದನೆಂದು ನಿಮಗೆ ತಿಳಿಸುವ ಹೊಣೆ ಯಾವ ಕಚೇರಿಗೂ ಇಲ್ಲ. ಗೆದ್ದವನೂ ಬಾಯಿ ಬಿಡುವುದು ಹಣ ಖಾತೆಗೆ ಬಿದ್ದ ಮೇಲೆಯೇ. ಅಷ್ಟರಲ್ಲಿ ಮೂರು ತಿಂಗಳು ಕಳೆದಿರುತ್ತದೆ.

ಮೇಲ್ಮನವಿಯ ಮಾತೇ ಬೇರೆ. 2008ರಲ್ಲಿ ಕಲಬುರಗಿಗೆ ಹೈಕೋರ್ಟ್ ಪೀಠ ಬರುವವರೆಗೆ ಬೆಂಗಳೂರಿನ ದಾರಿಯೊಂದೇ ಇತ್ತು. ತಡವಾದ ಮೇಲ್ಮನವಿಗಳನ್ನು ನ್ಯಾಯಾಲಯಗಳು ಅನೇಕ ಸಲ ಮನ್ನಿಸಿವೆ, ಆದರೆ ತಡವಾದಷ್ಟು ದಿನದ ಬಡ್ಡಿ ಇಲ್ಲ ಎಂಬ ಷರತ್ತಿನ ಮೇಲೆ. ಮೊದಲ ವರ್ಷ ಶೇ 9, ಆಮೇಲೆ ಶೇ 15ರ ಬಡ್ಡಿ ಇರುವಲ್ಲಿ ಅದು ಸಣ್ಣ ಮೊತ್ತವಲ್ಲ.

1894ರ ಕಾಯ್ದೆಯ ಬದಲಿಗೆ 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆ 64ನೇ ಕಲಮಿನಲ್ಲಿ ಹಳೆಯ ಆರು ವಾರ-ಆರು ತಿಂಗಳ ಲೆಕ್ಕವನ್ನೇ ಮರಳಿ ತಂದಿತು. ಸಕಾರಣವಿದ್ದರೆ ಮತ್ತೊಂದು ವರ್ಷದವರೆಗೂ ಅರ್ಜಿ ಸ್ವೀಕರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟದ್ದು ದೊಡ್ಡ ಬದಲಾವಣೆ. ಅರ್ಜಿಯನ್ನು ಪ್ರಾಧಿಕಾರಕ್ಕೆ (ಸಿವಿಲ್ ಕೋರ್ಟಿನ ಬದಲು ಈಗ ತಕರಾರು ಕೇಳುವ ಸಂಸ್ಥೆ) ಒಪ್ಪಿಸಲು 30 ದಿನ. ಒಪ್ಪಿಸದಿದ್ದರೆ ರೈತ ನೇರವಾಗಿ ಪ್ರಾಧಿಕಾರಕ್ಕೆ ಹೋಗಬಹುದು. 28ಎ ಈಗ 73ನೇ ಕಲಮು, ಮೂರು ತಿಂಗಳು ಹಾಗೆಯೇ ಉಳಿದಿದೆ.

ರಾಷ್ಟ್ರೀಯ ಹೆದ್ದಾರಿಗೆ ಹೊಲ ಹೋದವರು ಮಾತ್ರ ಇದೇ ಲೆಕ್ಕ ಹಿಡಿದು ಕೂರಬಾರದು. ಪರಿಹಾರದ ಮೊತ್ತ ಹೊಸ ಕಾಯ್ದೆಯಂತೆ, ತಕರಾರಿನ ದಾರಿ 1956ರ ಹೆದ್ದಾರಿ ಕಾಯ್ದೆಯಂತೆ. ಅಲ್ಲಿ ತಕರಾರು ಕೇಳುವವರು ಕೇಂದ್ರ ನೇಮಿಸಿದ ಮಧ್ಯಸ್ಥಗಾರರು. ಅವರ ತೀರ್ಪು ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ ಮೂರು ತಿಂಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು. ಸಕಾರಣ ತೋರಿಸಿದರೆ ಇನ್ನು 30 ದಿನ ಸಿಗುತ್ತದೆ. ಅದರಾಚೆಗಿನ ತಡವನ್ನು ಮನ್ನಿಸುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ.