‘ಇರಲಿ’ ಎಂಬ ಕೈಗಡ

ಶಿರಸಿಯ ಹತ್ತಿರ ಅಕ್ಕನ ಮನೆ ಜಗಲಿ. ಹೊರಗೆ ಜಡಿಮಳೆ. ಹತ್ತನೇ ಕ್ಲಾಸಿನಲ್ಲಿರುವ ಅಕ್ಕನ ಮಗಳು ಗಣಿತ ಪುಸ್ತಕ ಹಿಡಿದು ಕೂತಿದ್ದಳು. 2ರ ವರ್ಗಮೂಲ ಅಭಾಗಲಬ್ಧ ಸಂಖ್ಯೆ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ್ದು ಎಂದು ಸಾಧಿಸಬೇಕು. ಆದರೆ ಮೊದಲ ಸಾಲೇ ‘ಅದು ಭಾಗಲಬ್ಧ ಎಂದು ಊಹಿಸೋಣ’.

“ಮಾವ, ಸುಳ್ಳು ಅಂತ ಗೊತ್ತಿದ್ದೂ ಅದನ್ನೇ ನಿಜ ಅಂದ್ಕೊಂಡು ಶುರು ಮಾಡೋದು ಯಾಕೆ?”

ಒಳ್ಳೆಯ ಪ್ರಶ್ನೆ. ಇದರ ಉತ್ತರವನ್ನು ಅವಳು ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಎಷ್ಟೋ ಸಲ ಕೇಳಿದ್ದಾಳೆ. ವಾಲಿವಧೆ ಪ್ರಸಂಗವನ್ನೇ ತಗೊಳ್ಳಿ. ಮರೆಯಲ್ಲಿ ನಿಂತು ಹೊಡೆದದ್ದು ಸರಿಯೇ ಎಂದು ವಾಲಿ ಕೇಳುತ್ತಾನೆ. ನೀನು ಕಪಿ, ಬೇಟೆಯಾಡಿದೆ ಅನ್ನುತ್ತಾನೆ ರಾಮ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದಕ್ಕೆ ಶಿಕ್ಷೆ ಅಂತಲೂ ಅನ್ನುತ್ತಾನೆ. ವಾಲಿಯ ಮಾತಾಡುವ ಪಳಗಿದ ಅರ್ಥಧಾರಿ ಇಲ್ಲೇ ಹಿಡಿಯುತ್ತಾನೆ: ‘ಇರಲಿ, ನಾನು ಕಪಿಯೇ. ಹಾಗಾದರೆ ಕಪಿಗೆ ಮನುಷ್ಯರ ಧರ್ಮ ಎಲ್ಲಿಂದ ಬಂತು? ಧರ್ಮ ನನಗೂ ಉಂಟು ಅನ್ನುವೆಯಾ? ಅದೂ ಇರಲಿ. ಆಗ ಬೇಟೆಯ ಮಾತು ಬಿಡು, ಎದುರಿಗೆ ಬರಬೇಕಿತ್ತು.’ ತಾನು ಬರೀ ಕಪಿ ಎಂದು ವಾಲಿ ಒಪ್ಪಿದ್ದಾನಾ? ಇಲ್ಲ. ರಾಮನ ಮಾತನ್ನು ಕೈಗಡ ತಂದು, ಅದರಲ್ಲೇ ನಡೆದು, ಅದು ನಿಲ್ಲುವುದಿಲ್ಲ ಎಂದು ವಾಪಸ್ ಕೊಡುತ್ತಿದ್ದಾನೆ.

ಈ ‘ಇರಲಿ’ಗೆ ಹಳೆಯ ಹೆಸರುಂಟು. ತರ್ಕಶಾಸ್ತ್ರದ ಹಳೆಯ ಗ್ರಂಥ, ಗೌತಮನ ನ್ಯಾಯಸೂತ್ರ, ನಾಲ್ಕು ಬಗೆಯ ಸಿದ್ಧಾಂತ ಹೇಳುತ್ತದೆ. ಕೊನೆಯದು ಅಭ್ಯುಪಗಮ ಸಿದ್ಧಾಂತ. ಪರೀಕ್ಷಿಸದ ಮಾತನ್ನು ಸದ್ಯಕ್ಕೆ ಒಪ್ಪಿಕೊಂಡು ಮುಂದಿನದನ್ನು ವಿಚಾರಿಸುವುದು. ಭಾಷ್ಯ ಬರೆದ ವಾತ್ಸ್ಯಾಯನನ ಉದಾಹರಣೆ ಇದು: ಶಬ್ದ ದ್ರವ್ಯವೇ ‘ಅಸ್ತು’, ಆದರೆ ಅದು ನಿತ್ಯವೋ ಅನಿತ್ಯವೋ? ಅಸ್ತು ಅಂದರೆ ನಮ್ಮ ಇರಲಿಯೇ ಅಲ್ವಾ.

ಹೇಳಿ ಮಾಡಿದ ಊಹೆಗೆ ಹೆದರಬೇಕಿಲ್ಲ. ತೊಂದರೆ ಕೊಡುವುದು ಗೊತ್ತಿಲ್ಲದೆ ಒಳಗೆ ಸೇರಿಕೊಂಡ ಊಹೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಉಂಟು ಎನ್ನುವುದು ಈ ನ್ಯಾಯಶಾಸ್ತ್ರದವರ, ಅಂದರೆ ನೈಯಾಯಿಕರ, ಹೆಸರಾಂತ ಉದಾಹರಣೆ. ಹಾಗಾದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಉಂಟಾ? ಮಳೆಗಾಲದಲ್ಲಿ ನಮ್ಮ ಕಡೆ ಬಚ್ಚಲ ಒಲೆ ಊದಿದವರು ಹೌದು ಅಂದುಬಿಡುತ್ತಾರೆ. ಕಣ್ಣು ಉರಿದು ನೀರು ಬರುತ್ತದೆ, ಹಂಡೆ ಮಾತ್ರ ಕಾಯುವುದಿಲ್ಲ. ಆದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ. ಹೊಗೆಗೆ ಬರೀ ಬೆಂಕಿ ಸಾಲದು, ಹಸಿ ಕಟ್ಟಿಗೆಯೂ ಬೇಕು. ಹೀಗೆ ಅಡಗಿ ಕೂತ ಷರತ್ತನ್ನು ಅವರು ‘ಉಪಾಧಿ’ ಎಂದು ಕರೆದರು. ಒಬ್ಬರ ವಾದ ಎಲ್ಲಿ ಜಾರಿತು ಎಂದು ಹುಡುಕುವಾಗ ನಾನು ಇವತ್ತಿಗೂ ಮೊದಲು ನೋಡುವುದು ಈ ಹಸಿ ಕಟ್ಟಿಗೆಯನ್ನೇ.

ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ರಿಸ್ತಪೂರ್ವ 300ರ ಸುಮಾರಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ರೇಖಾಗಣಿತವನ್ನು ಐದು ಆಧಾರ ಪ್ರತಿಜ್ಞೆಗಳ ಮೇಲೆ, ಅಂದರೆ ಸಾಧಿಸದೆ ಒಪ್ಪಿಕೊಂಡ ಮಾತುಗಳ ಮೇಲೆ, ನಿಲ್ಲಿಸಿದ. ಐದನೆಯದು ಸಮಾನಾಂತರ ಗೆರೆಗಳ ಸಂಗತಿ. ಈಗ ಅದನ್ನು ಸರಳವಾಗಿ ಹೀಗೆ ಹೇಳುತ್ತಾರೆ: ಒಂದು ಗೆರೆಯ ಹೊರಗಿನ ಬಿಂದುವಿನ ಮೂಲಕ ಆ ಗೆರೆಗೆ ಒಂದೇ ಒಂದು ಸಮಾನಾಂತರ ಗೆರೆ ಎಳೆಯಬಹುದು. ಇದನ್ನು ಸುಮ್ನೆ ಒಪ್ಪಿಕೊಳ್ಳಲು ತುಂಬಾ ಜನರಿಗೆ ಮನಸ್ಸಾಗಲಿಲ್ಲ. ಉಳಿದ ನಾಲ್ಕರಿಂದ ಸಾಧಿಸಲು ನೋಡಿದರು. 1733ರಲ್ಲಿ ಇಟಲಿಯ ಸಾಕೇರಿ ವಾಲಿಯ ದಾರಿ ಹಿಡಿದ. ಐದನೆಯದು ಸುಳ್ಳೇ ಇರಲಿ, ವಿರೋಧ ಎಲ್ಲಿ ಬರುತ್ತದೆ ನೋಡೋಣ ಎಂದ. ಪುಟಗಟ್ಟಲೆ ಹೋದರೂ ಗಟ್ಟಿ ವಿರೋಧ ಸಿಗಲಿಲ್ಲ. ಕೊನೆಗೆ, ಬಂದ ಫಲ ಸರಳರೇಖೆಯ ಸ್ವಭಾವಕ್ಕೆ ಒಗ್ಗುವುದಿಲ್ಲ ಎಂದು ಮುಗಿಸಿದ. ಹೊಸ ಗಣಿತದ ಬಾಗಿಲವರೆಗೆ ಬಂದು ತಿರುಗಿ ಹೋದ ಅವನನ್ನು ನೆನೆದರೆ ನನಗೆ ಸಂಕಟವಾಗುತ್ತದೆ. 1829ರಲ್ಲಿ ರಷ್ಯದ ಲೋಬಚೆವ್‌ಸ್ಕಿ, 1832ರಲ್ಲಿ ಹಂಗೇರಿಯ ಬೋಯಾಯಿ ಆ ಬಾಗಿಲು ದಾಟಿದರು. ಅವರ ರೇಖಾಗಣಿತದಲ್ಲಿ ತ್ರಿಭುಜದ ಮೂರು ಕೋನ ಸೇರಿದರೂ 180 ಡಿಗ್ರಿ ಆಗುವುದಿಲ್ಲ, ಕಡಿಮೆಯೇ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ 180ರ ಹಿಂದೆ ಆ ಐದನೆಯ ‘ಇರಲಿ’ ತೀರದ ಸಾಲವಾಗಿ ಕೂತಿದೆ.

ತೀರುವ ಸಾಲದ ಲೆಕ್ಕ ಇಡುವ ಪದ್ಧತಿ ಬಂದದ್ದು 1934ರ ಹೊತ್ತಿಗೆ. ತರ್ಕಶಾಸ್ತ್ರಜ್ಞರಾದ ಜರ್ಮನಿಯ ಗೆಂಟ್ಸೆನ್, ಪೋಲೆಂಡಿನ ಯಾಸ್ಕೋವ್‌ಸ್ಕಿ ಬೇರೆಬೇರೆಯಾಗಿ ಇದನ್ನು ರೂಪಿಸಿದರು. ಒಂದು ಮಾತನ್ನು ಸಾಧಿಸುವ ನಡುವೆ ಯಾವ ಊಹೆ ಬೇಕಾದರೂ ಮಾಡಬಹುದು. ಆದರೆ ಅದು ಎಲ್ಲಿ ಶುರುವಾಯಿತು, ಎಲ್ಲಿ ತೀರಿತು ಎಂದು ಗುರುತು ಹಾಕಬೇಕು. ಆ ಸಾಲುಗಳ ಸುತ್ತ ಚೌಕಟ್ಟು ಎಳೆಯುವ ಕ್ರಮವೂ ಯಾಸ್ಕೋವ್‌ಸ್ಕಿಯದೇ. ಚೌಕಟ್ಟಿನೊಳಗಿನ ಮಾತನ್ನು ಹೊರಗೆ ಹಾಗೇ ಬಳಸುವಂತಿಲ್ಲ. ನನಗೆ ಶಾಲೆಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಅಕ್ಕನ ಮಗಳಿಗೆ ಪೆನ್ಸಿಲ್ ಕೊಟ್ಟೆ. ‘ಊಹಿಸೋಣ’ ಎಂಬಲ್ಲಿಂದ ಗೆರೆ ಹಾಕುತ್ತ ಬಂದಳು. 2ರ ವರ್ಗಮೂಲ ಅ/ಬ ಆಗಿರಲಿ, ಎರಡಕ್ಕೂ 1 ಬಿಟ್ಟು ಸಾಮಾನ್ಯ ಅಪವರ್ತನ ಇಲ್ಲ. ವರ್ಗ ಮಾಡಿದರೆ ಅ ಸಮಸಂಖ್ಯೆ. ಆಗ ಬ ಕೂಡ ಸಮಸಂಖ್ಯೆ. ಎರಡನ್ನೂ 2 ಭಾಗಿಸುತ್ತದೆ. ಅಲ್ಲಿ ನಿಂತಳು.

“ಇಲ್ಲೇ ವಾಪಸ್ ಕೊಡೋದು ಅಲ್ವಾ ಮಾವ?”

ಚೌಕಟ್ಟು ಮುಚ್ಚಿದಳು. ಅದರ ಕೆಳಗೆ, ಹೊರಗೆ, ಕೊನೆಯ ಸಾಲು ಬರೆದಳು.